ಆಟದ ವಿಮಾನದ ಹೊಗೆಗೆ ಎರಡು ಬೀಗದಕೈ



ನಮ್ಮೂರು ಚಿಪ್ಪಗಿರಿ. ಕರ್ನೂಲು ಜಿಲ್ಲೆಯ ಪಡುವಣ ಅಂಚಿನಲ್ಲಿ, ಗುಂತಕಲ್ಲು ಜಂಕ್ಷನ್ನಿಗೆ ಹತ್ತಿರವಿರುವ ಊರು. ವಿಜಯದಾಸರು 1755ರಲ್ಲಿ ಹರಿಪಾದ ಸೇರಿದ್ದು ಇಲ್ಲಿಯೇ. ಕಾರ್ತಿಕದಲ್ಲಿ ಅವರ ಆರಾಧನೆಗೆ ಬಂದುಹೋದವರು ನಿಮ್ಮಲ್ಲಿಯೂ ಬಹಳ ಮಂದಿ ಇರಬೇಕು. ಅಂಥ ಊರಿನವನು ದಾಸರ ವಿಚಾರ ಬಿಟ್ಟು ಆಟದ ವಿಮಾನದ ಹೊಗೆಯ ವಿಚಾರ ಹೇಳಲು ಬಂದಿದ್ದಾನಲ್ಲ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ಆ ಹೊಗೆಯಿಂದ ನಮ್ಮೂರಿನ ಒಂದು ಮನೆಯ ಎತ್ತುಗಳ ವರ್ಷದ ಮೇವು ಬೂದಿಯಾಗುವುದರಲ್ಲಿತ್ತು. ಅದಕ್ಕೆ ಕಾರಣ ನನ್ನ ಮೊಮ್ಮಗನಲ್ಲ, ನಾನು. ಆದ್ದರಿಂದ ಹೇಳಬೇಕಾದವನೂ ನಾನೇ.

ನಾನು ಓದಿದ್ದು ಮೆಟ್ರಿಕ್‌ವರೆಗೆ. ಮೂವತ್ತೈದು ವರ್ಷಕ್ಕೂ ಮಿಕ್ಕು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೆಲಸ ಮಾಡಿ ನಿವೃತ್ತನಾದೆ. ಮಗಳ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಹೋದ ವರ್ಷ ದೀಪಾವಳಿ ರಜೆಗೆ ಬರುವಾಗ ತಾನೂ ಸ್ನೇಹಿತರೂ ಸೇರಿ ಕಟ್ಟಿದ ಒಂದು ಮಾದರಿ ವಿಮಾನವನ್ನು ಬಿಚ್ಚಿ, ಪೆಟ್ಟಿಗೆಯಲ್ಲಿಟ್ಟುಕೊಂಡು ತಂದ. ರೆಕ್ಕೆಯ ತುದಿಯಿಂದ ತುದಿಗೆ ಆರು ಅಡಿ. ಮೂಗಿನಲ್ಲಿ 26 ಸಿ.ಸಿ.ಯ ಪೆಟ್ರೋಲ್ ಎಂಜಿನು. ನೆಲದ ಮೇಲೆ ನಿಂತವನು ಕೈಯಲ್ಲಿರುವ ರಿಮೋಟಿನಿಂದಲೇ ಅದನ್ನು ಏರಿಸಬಹುದು, ಇಳಿಸಬಹುದು, ಪಲ್ಟಿ ಹೊಡೆಸಬಹುದು. ಅದರಲ್ಲಿ ಹೊಗೆ ಬಿಡುವ ಏರ್ಪಾಡೂ ಇತ್ತು. ಆಕಾಶದಲ್ಲಿ ಬಿಳಿ ಗೆರೆ ಎಳೆಯುತ್ತ ಹೋಗುವ ವಿಮಾನವನ್ನು ಊರಿನವರಿಗೆ ತೋರಿಸಬೇಕು ಎಂಬುದು ಅವನ ಆಸೆ. ಶೇಂಗಾ ಕಿತ್ತು ಹಸನಾಗಿದ್ದ ಒಂದು ಹೊಲ ಗೊತ್ತುಮಾಡಿದೆವು. ಮೂವತ್ತು ನಲವತ್ತು ಜನ ಸೇರಿದರು.

ಮೊದಲ ಸಲ ಹಾರಿಸಿದಾಗ ಹೊಗೆ ತೆಳ್ಳಗೆ ಬಂತು. ಕೆಳಗಿಳಿದ ಮೇಲೆ ನಾನೇ ಅಂದೆ:

"ಹೊಗಿ ಸಾಲ್ದೋ, ಬೀಡಿ ಸೇದಿದಂಗ ಕಾಣ್ತದ. ಎಣ್ಣಿ ತಿರುಪು ಇನ್ನಾ ಒಂದು ಸುತ್ತು ಬಿಚ್ಚು."

"ತಾತ, ಮೊದ್ಲು ನೆಲದ ಮ್ಯಾಲ ನೋಡಾಣ," ಅಂದ ಹುಡುಗ.

"ಎಣ್ಣಿ ಜಾಸ್ತಿ ಕೊಟ್ರ ಹೊಗಿ ಜಾಸ್ತಿ ಬರ್ತದ. ಅದ್ರಾಗ ನೋಡಾದೇನು?"

ಜನರ ಮುಂದೆ ತಾತನ ಮಾತು ಮೀರಲಾರದೆ ಅವನು ತಿರುಪು ಬಿಚ್ಚಿದ. ಎರಡನೆಯ ಸಲ ವಿಮಾನ ಏರುವಾಗ ಹತ್ತಿ ಹಿಂಜಿದ ಹಾಗೆ ದಟ್ಟ ಹೊಗೆ ಬಂತು. ಜನ ಚಪ್ಪಾಳೆ ತಟ್ಟಿದರು. ಮೇಲಕ್ಕೆ ಹೋದ ವಿಮಾನವನ್ನು ಇಳಿಸಲು ಅವನು ಎಂಜಿನಿನ ವೇಗ ತಗ್ಗಿಸಿದ. ಕಣ್ಣು ವಿಮಾನದ ಮೇಲಿತ್ತು, ಹೊಗೆಯ ಸ್ವಿಚ್ಚು ಆರಿಸುವುದು ಮರೆಯಿತು. ತಿರುಗಿ ವೇಗ ಕೊಟ್ಟಾಗ ಎಂಜಿನು ಎರಡು ಸಲ ಕೆಮ್ಮಿ ನಿಂತೇ ಹೋಯಿತು. ವಿಮಾನ ಹೊಲದ ಬದು ದಾಟಿ ಪಕ್ಕದವರ ಜೋಳದ ಸೊಪ್ಪೆಯ ಬಣವೆಗೆ ಹೋಗಿ ಬಡಿಯಿತು. ಸುಡುವ ಸೈಲೆನ್ಸರಿಗೆ ಒಣ ಸೊಪ್ಪೆ ತಾಗಿತ್ತು, ಮೇಲೆ ಡೀಸೆಲ್ ಸುರಿದಿತ್ತು. ನಾವು ಓಡಿ ತಲುಪುವಷ್ಟರಲ್ಲಿ ಸೊಪ್ಪೆಯಿಂದ ಬೇರೆ ಬಣ್ಣದ ಹೊಗೆ ಏಳುತ್ತಿತ್ತು. ಆ ಹೊಲದ ಹೆಣ್ಣುಮಗಳು ದನಕ್ಕೆ ನೀರಿಟ್ಟಿದ್ದ ಬಾನಿಯಿಂದ ಎರಡು ಕೊಡ ನೀರು ತಂದು ಸುರಿದಳು. ಒಂದು ತೆಕ್ಕೆಯಷ್ಟು ಸೊಪ್ಪೆ ಕರಕಾಯಿತು, ಉಳಿದದ್ದು ಉಳಿಯಿತು. ಪೆಟ್ರೋಲ್ ಡಬ್ಬಿ ಒಡೆಯದಿದ್ದುದು ನಮ್ಮ ಪುಣ್ಯ.

ಆಕೆ ಕೊಡ ಕೆಳಗಿಟ್ಟು ನನಗೆ ಅಂದದ್ದು ಇಷ್ಟೇ: "ಸಾರ್, ಹೊಗಿ ತೋರಿಸ್ತೀವಿ ಅಂತ ಕರದ್ರಿ. ಬೆಂಕಿ ತೋರಿಸ್ತೀವಿ ಅಂದಿದ್ರ ನಾನು ಬಣವಿ ಹತ್ರನ ಕುಂದ್ರತಿದ್ದೆ."

ಕೌಂಟರಿನಲ್ಲಿ ಕುಳಿತು ಒಂದು ರೂಪಾಯಿ ಹೆಚ್ಚುಕಡಿಮೆ ಕೊಡದವನು ನಾನು. ಅಂಥವನು ಲೆಕ್ಕ ನೋಡದೆ "ಇನ್ನಾ ಒಂದು ಸುತ್ತು" ಅಂದುಬಿಟ್ಟಿದ್ದೆ. ಅವತ್ತು ರಾತ್ರಿ ಮೊಮ್ಮಗನನ್ನು ಕೂರಿಸಿಕೊಂಡು, ಈ ಹೊಗೆ ಹೇಗೆ ಹುಟ್ಟುತ್ತದೆ, ಅದನ್ನು ಹಿಡಿತದಲ್ಲಿಡುವುದು ಹೇಗೆ ಎಂದು ಮೊದಲಿನಿಂದ ಕೇಳಿ ತಿಳಿದುಕೊಂಡೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದಾಗಿ, ಇದು ಸುಟ್ಟ ಹೊಗೆಯಲ್ಲ. ಒಲೆಯಲ್ಲಿ ಹಸಿ ಸೌದೆ ಉರಿದಾಗ ಬರುವ ಹೊಗೆಯಲ್ಲಿ ಮಸಿ ಇರುತ್ತದೆ. ವಿಮಾನದ ಬಿಳಿ ಹೊಗೆಯಲ್ಲಿ ಇರುವುದು ಎಣ್ಣೆಯ ಅತಿ ಸಣ್ಣ ಹನಿಗಳು. ಎಂಜಿನಿನ ಸೈಲೆನ್ಸರಿನೊಳಗೆ ಕಾದ ಗಾಳಿ ಹಾಯುತ್ತಿರುತ್ತದೆ. ಅದರೊಳಕ್ಕೆ ತೆಳುವಾದ ಎಣ್ಣೆಯನ್ನೋ ಡೀಸೆಲನ್ನೋ ಸಣ್ಣ ಧಾರೆಯಾಗಿ ಬಿಟ್ಟರೆ ಅದು ಕಾದು ಆವಿಯಾಗುತ್ತದೆ. ಸುಟ್ಟು ಬಂದ ಗಾಳಿಯಲ್ಲಿ ಆಮ್ಲಜನಕ ಬಹಳ ಕಡಿಮೆಯಿರುವುದರಿಂದ ಎಣ್ಣೆ ಸಾಮಾನ್ಯವಾಗಿ ಅಲ್ಲಿ ಹೊತ್ತಿಕೊಳ್ಳುವುದಿಲ್ಲ. ಆ ಆವಿ ಹೊರಗಿನ ತಣ್ಣನೆ ಗಾಳಿಗೆ ಬಂದ ತಕ್ಷಣ ಮತ್ತೆ ಹನಿಯಾಗುತ್ತದೆ. ಮಾಗಿಯ ಬೆಳಿಗ್ಗೆ ನಮ್ಮ ಬಾಯಿಂದ ಬರುವ ಉಸಿರು ಬೆಳ್ಳಗೆ ಕಾಣುವುದಿಲ್ಲವೇ, ಇದೂ ಅದೇ ಬಗೆ. ಹನಿಗಳು ಅಷ್ಟು ಸಣ್ಣವಾಗಿ, ಅಷ್ಟು ಲೆಕ್ಕವಿಲ್ಲದಷ್ಟು ಇರುವುದರಿಂದ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತವೆ, ನಮಗೆ ಬಿಳಿ ಮೋಡದ ಹಾಗೆ ಕಾಣುತ್ತವೆ.

ಅಂದಮೇಲೆ ಹೊಗೆಯನ್ನು ಹುಟ್ಟಿಸುವುದು ಬರೀ ಎಣ್ಣೆಯಲ್ಲ, ಕಾವು. ದೇವರ ಮುಂದೆ ಧೂಪ ಹಾಕುವವರಿಗೆ ಇದು ಗೊತ್ತು. ನಿಗಿನಿಗಿ ಕೆಂಡದ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ ಹಾಕಿದರೆ ಮನೆ ತುಂಬ ಹೊಗೆ. ಹೊಗೆ ಇನ್ನೂ ಬರಲಿ ಎಂದು ಒಂದು ಮುಷ್ಟಿ ಸುರಿದರೆ ಕೆಂಡವೇ ಮುಚ್ಚಿಹೋಗುತ್ತದೆ. ನಾನು ಹೊಲದಲ್ಲಿ ಮಾಡಿದ್ದು ಈ ಮುಷ್ಟಿಯ ಕೆಲಸ. ಸೈಲೆನ್ಸರಿನಲ್ಲಿ ಎಷ್ಟು ಕಾವಿದೆಯೋ ಅಷ್ಟೇ ಎಣ್ಣೆ ಆವಿಯಾಗುತ್ತದೆ. ಮಿಕ್ಕಿದ್ದು ಎಣ್ಣೆಯಾಗಿಯೇ ಉಳಿದು ಒಳಗೆ ನಿಲ್ಲುತ್ತದೆ, ಇಲ್ಲವೆ ಹೊರಗೆ ತೊಟ್ಟಿಕ್ಕುತ್ತದೆ. ಒಳಗೆ ನಿಂತ ಎಣ್ಣೆ ಸೈಲೆನ್ಸರನ್ನು ತಣ್ಣಗೆ ಮಾಡುತ್ತದೆ. ಅದರಿಂದ ಹೊಗೆ ಇನ್ನೂ ತೆಳ್ಳಗಾಗುತ್ತದೆ. ಹೊರಹೋಗುವ ಗಾಳಿಗೂ ಅದು ಅಡ್ಡವಾಗಿ, ಎಂಜಿನಿಗೆ ಉಸಿರು ಕಟ್ಟುತ್ತದೆ. ಖಾತೆಯಲ್ಲಿ ಇರುವಷ್ಟೇ ಹಣ ತೆಗೆಯಬಹುದು ಎನ್ನುವುದು ನಮ್ಮ ಬ್ಯಾಂಕಿನ ಮೊದಲ ಪಾಠ. ಇಲ್ಲಿ ಖಾತೆಯಲ್ಲಿರುವ ಹಣವೆಂದರೆ ಕಾವು, ತೆಗೆಯುವ ಹಣವೆಂದರೆ ಎಣ್ಣೆ.

ಇದೇ ತತ್ತ್ವ ದೊಡ್ಡ ವಿಮಾನಗಳಲ್ಲೂ ಇದೆ. 1922ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಎಪ್ಸಮ್ ಕುದುರೆ ಪಂದ್ಯದ ದಿನ ಸಿರಿಲ್ ಟರ್ನರ್ ಎಂಬ ವೈಮಾನಿಕ ಒಂದು ಪತ್ರಿಕೆಯ ಹೆಸರನ್ನು ಆಕಾಶದಲ್ಲಿ ಹೊಗೆಯಿಂದ ಬರೆದ. ಅಕ್ಷರ ಬರೆಯುವವನಿಗೆ ಹೊಗೆ ಬರುವುದು ಎಷ್ಟು ಮುಖ್ಯವೋ, ಬೇಡವಾದಲ್ಲಿ ತಟ್ಟನೆ ನಿಲ್ಲುವುದೂ ಅಷ್ಟೇ ಮುಖ್ಯ. ನಿಲ್ಲದಿದ್ದರೆ ಒಂದಕ್ಷರ ಇನ್ನೊಂದಕ್ಕೆ ಅಂಟಿಹೋಗುತ್ತದೆ.

ನಮ್ಮ ಕನ್ನಡ ನಾಡಿನಲ್ಲೇ ನೋಡಬೇಕೆಂದರೆ ಬೀದರ್ ಇದೆ. ಭಾರತೀಯ ವಾಯುಪಡೆಯ ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ, ಬೀದರಿನ ವಾಯುನೆಲೆಯಲ್ಲಿ. ನನ್ನ ಅಕ್ಕನನ್ನು ಕೊಟ್ಟದ್ದು ಬೀದರಿಗೆ. ಆ ಕಾಲದಲ್ಲಿ ಅಲ್ಲಿಗೆ ಹೋದಾಗ ಮಾಳಿಗೆಯ ಮೇಲೆ ನಿಂತು ಅವರ ಅಭ್ಯಾಸ ನೋಡುತ್ತಿದ್ದೆವು. ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿದ ಕಿರಣ್ ಜೆಟ್ ವಿಮಾನಗಳು ಒಂದರ ರೆಕ್ಕೆಗೆ ಒಂದು ಹತ್ತಿ, ಒಂಬತ್ತೂ ಸೇರಿ ಒಂದೇ ಹಕ್ಕಿಯ ಹಾಗೆ ಹೋಗುತ್ತಿದ್ದವು. ಅವುಗಳ ಹೊಗೆಯೂ ಡೀಸೆಲ್ಲಿನಿಂದಲೇ. ಜೆಟ್ ಎಂಜಿನಿನಿಂದ ಹೊರಬರುವ ಕಾದ ಗಾಳಿಗೆ ಡೀಸೆಲ್ ಬಿಟ್ಟು, ಕೇಸರಿ ಹಸಿರು ಬೇಕಾದಾಗ ಅದಕ್ಕೆ ಬಣ್ಣ ಬೆರೆಸುತ್ತಿದ್ದರು. 2011ರಲ್ಲಿ ಆ ಕಿರಣ್ ವಿಮಾನಗಳ ತಂಡ ನಿಂತಿತು. 2015ರಲ್ಲಿ ಹಾಕ್ ವಿಮಾನಗಳೊಂದಿಗೆ ತಂಡ ಮತ್ತೆ ಕಟ್ಟಿಕೊಂಡಿತು. ಅಂದು ಮಾಳಿಗೆಯ ಮೇಲೆ ನಿಂತು ನಾನು ಹೊಗೆ ಬರುವುದನ್ನು ಮಾತ್ರ ನೋಡಿದೆ. ವಿಮಾನಗಳು ತಿರುಗಿ ಬರುವಾಗ ಒಮ್ಮೆಗೇ ಅದನ್ನು ನಿಲ್ಲಿಸುತ್ತಿದ್ದರಲ್ಲ, ಅದರ ಬೆಲೆ ನನಗೆ ತಿಳಿದದ್ದು ಬಣವೆಯ ಮುಂದೆ.

ಈಗ ಸಣ್ಣ ವಿಮಾನದ ಏರ್ಪಾಡಿಗೆ ಬರೋಣ. ಹೊಟ್ಟೆಯೊಳಗೆ ಹೊಗೆ ಎಣ್ಣೆಗೆಂದೇ ಬೇರೆ ಡಬ್ಬಿ ಇರುತ್ತದೆ. ನಮ್ಮದರಲ್ಲಿ 300 ಮಿ.ಲೀ. ಹಿಡಿಯುತ್ತದೆ. ಡಬ್ಬಿಯೊಳಗಿನ ನಳಿಕೆಯ ತುದಿಗೆ ಒಂದು ಸಣ್ಣ ಲೋಹದ ಗುಂಡು ಕಟ್ಟಿರುತ್ತಾರೆ. ವಿಮಾನ ತಲೆಕೆಳಗಾದಾಗ ಎಣ್ಣೆ ಯಾವ ಕಡೆ ಸರಿಯುತ್ತದೋ ಗುಂಡೂ ನಳಿಕೆಯನ್ನು ಎಳೆದುಕೊಂಡು ಆ ಕಡೆಗೆ ಸರಿಯುತ್ತದೆ. ಡಬ್ಬಿಯಿಂದ ಹೊರಟ ಎಣ್ಣೆ ಪಂಪನ್ನೂ, ಅಳತೆಯ ತಿರುಪನ್ನೂ ದಾಟಿ ಸೈಲೆನ್ಸರಿಗೆ ಹೋಗುತ್ತದೆ. ಒಳ್ಳೆಯ ಸೈಲೆನ್ಸರಿನೊಳಗೆ ತಾಮ್ರದ ಸಣ್ಣ ಕೊಳವೆಯನ್ನು ಸುರುಳಿ ಸುತ್ತಿರುತ್ತಾರೆ. ಎಣ್ಣೆ ಆ ಸುರುಳಿಯಲ್ಲೇ ಕಾದು, ಆಮೇಲೆ ಕಾದ ಗಾಳಿಗೆ ಬೀಳುತ್ತದೆ. ಇದರಿಂದ ಇದ್ದ ಕಾವು ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಅಳತೆಯ ತಿರುಪು ಎಂದರೆ ಏನೋ ದೊಡ್ಡದಲ್ಲ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಕಟ್ಟಿದಾಗ ನರ್ಸಮ್ಮ ನಳಿಕೆಯ ಮೇಲಿನ ಸಣ್ಣ ಗಾಲಿಯನ್ನು ಬೆರಳಿನಿಂದ ಉರುಳಿಸಿ ಹನಿ ಎಣಿಸುತ್ತಾರಲ್ಲ, ಅದೇ ಕೆಲಸ ಇದರದು. ದಾರಿಯನ್ನು ಕಿರಿದು ಮಾಡಿದರೆ ಕಡಿಮೆ ಹೋಗುತ್ತದೆ, ಅಗಲ ಮಾಡಿದರೆ ಹೆಚ್ಚು ಹೋಗುತ್ತದೆ. ರೋಗಿಗೆ ಬೇಗ ಗುಣವಾಗಲಿ ಎಂದು ಯಾರೂ ಆ ಗಾಲಿಯನ್ನು ಪೂರ್ತಿ ಬಿಚ್ಚುವುದಿಲ್ಲ.

ಎಣ್ಣೆಯನ್ನು ಮುಂದಕ್ಕೆ ತಳ್ಳಲು ಮುಖ್ಯವಾಗಿ ಎರಡು ಬಗೆ ಇವೆ. ಹಳೆಯ ಬಗೆಯಲ್ಲಿ ಎಂಜಿನಿನ ಹೊಟ್ಟೆಯಲ್ಲಿ ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಏಳುವ ಒತ್ತಡವನ್ನೇ ಡಬ್ಬಿಗೆ ಕೊಡುತ್ತಾರೆ. ಒತ್ತಡ ಒಳಕ್ಕೆ ಹೋಗಲಿ, ಹೊರಕ್ಕೆ ಬಾರದಿರಲಿ ಎಂದು ನಡುವೆ ಒಮ್ಮುಖದ ವಾಲ್ವ್ ಇಡುತ್ತಾರೆ. ಬಾವಿಯ ಪಂಪ್‌ಸೆಟ್ಟಿನ ಫುಟ್‌ವಾಲ್ವಿನ ಹಾಗೆಯೇ ಅದು. ಇದಕ್ಕೆ ಮೋಟಾರು ಬೇಡ, ಬ್ಯಾಟರಿ ಬೇಡ. ಆದರೆ ಒಂದು ತೊಡಕಿದೆ. ಎಂಜಿನಿನ ವೇಗ ತಗ್ಗಿದರೂ ಡಬ್ಬಿಯಲ್ಲಿ ತುಂಬಿದ ಒತ್ತಡ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಕಾವು ಇಳಿದಿರುತ್ತದೆ, ಎಣ್ಣೆ ಮಾತ್ರ ಮೊದಲಿನ ಹಾಗೆ ಹೋಗುತ್ತಿರುತ್ತದೆ. ಆದ್ದರಿಂದ ಸೈಲೆನ್ಸರಿಗೆ ಮುಂಚೆ ನಳಿಕೆಯನ್ನು ಹಿಸುಕಿ ಮುಚ್ಚುವ ಏರ್ಪಾಡು ಇರಲೇಬೇಕು.

ಎರಡನೆಯದು ವಿದ್ಯುತ್ ಪಂಪು. ಬ್ಯಾಟರಿಯಿಂದ ತಿರುಗುವ ಎರಡು ಹಲ್ಲುಗಾಲಿಗಳು ಎಣ್ಣೆಯನ್ನು ಹಿಡಿದು ಮುಂದಕ್ಕೆ ದೂಡುತ್ತವೆ. ಪಂಪಿನ ವೇಗವನ್ನು ರಿಮೋಟಿನಿಂದಲೇ ಹೆಚ್ಚು ಕಡಿಮೆ ಮಾಡಬಹುದು. ನಮ್ಮದು ಈ ಬಗೆಯದು. ಆದರೆ ಅಂದು ಅದಕ್ಕೆ ಹಾಕಿದ್ದುದು ಬರೀ ಒಂದು ಸ್ವಿಚ್ಚು. ಹಾಕಿದರೆ ಪೂರ್ತಿ ವೇಗ, ತೆಗೆದರೆ ಬಂದ್. ಎಂಜಿನು ಯಾವ ಸ್ಥಿತಿಯಲ್ಲಿದೆ ಎಂಬುದು ಪಂಪಿಗೆ ಗೊತ್ತೇ ಇರಲಿಲ್ಲ.

ವಿಮಾನದ ರೆಕ್ಕೆ ದುರಸ್ತಿಯಾಗುವ ಹೊತ್ತಿಗೆ ಸಂಕ್ರಾಂತಿ ರಜೆ ಬಂತು. ಆಗ ನಾವು ಲೆಕ್ಕಕ್ಕೆ ಕುಳಿತೆವು. ನಾನು ಒಂದು ಹಳೆಯ ನೋಟುಬುಕ್ಕಿಗೆ ಗೆರೆ ಹಾಕಿದೆ. ಮೊದಲು ಎಂಜಿನು ಹಚ್ಚದೆ, ಸೈಲೆನ್ಸರಿನಿಂದ ನಳಿಕೆ ಬಿಚ್ಚಿ ಅಳತೆಯ ಲೋಟಕ್ಕೆ ಬಿಟ್ಟು, ಗಡಿಯಾರ ನೋಡುತ್ತ ಒಂದು ನಿಮಿಷ ಪಂಪು ನಡೆಸಿದೆವು. ನಾನು ಬಿಚ್ಚಿಸಿದ್ದ ಆ ತಿರುಪಿಗೆ ಬಂದದ್ದು 130 ಮಿ.ಲೀ. ಆಮೇಲೆ ತಿರುಪನ್ನು ಬಿಗಿ ಮಾಡುತ್ತ 30, 45, 60, 75, 90 ಮಿ.ಲೀ. ಬರುವ ಜಾಗಗಳನ್ನು ಗುರುತಿಟ್ಟುಕೊಂಡೆವು.

ಅದಾದ ಮೇಲೆ ವಿಮಾನದ ಬಾಲವನ್ನು ಹಗ್ಗದಿಂದ ಬೇವಿನ ಮರಕ್ಕೆ ಬಿಗಿದು ಎಂಜಿನು ಹಚ್ಚಿದೆವು. ಫ್ಯಾನಿನ ಎದುರಿಗಾಗಲಿ ಪಕ್ಕಕ್ಕಾಗಲಿ ಯಾರೂ ನಿಲ್ಲಕೂಡದು, ಹಿಂದೆಯೇ ಇರಬೇಕು. ಸೈಲೆನ್ಸರಿನ ಹಿಂದೆ, ವಿಮಾನದ ಹೊಟ್ಟೆಗೆ ಒಂದು ಬಿಳಿ ಹಾಳೆ ಅಂಟಿಸಿದೆವು. ಎಂಜಿನು ಚೆನ್ನಾಗಿ ಕಾಯಲಿ ಎಂದು ಒಂದು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ, ಆಮೇಲೆ ಹೊಗೆ ಬಿಟ್ಟೆವು. ನಿಮಿಷಕ್ಕೆ 30 ಮಿ.ಲೀ.ಗೆ ಹೊಗೆ ತೆಳುವು, ಹಾಳೆ ಒಣಗಿತ್ತು. 45ಕ್ಕೆ ಹೊಗೆ ಬೆಳ್ಳಗಾಯಿತು. 60ಕ್ಕೆ ದಟ್ಟವಾಯಿತು, ಹಾಳೆ ಇನ್ನೂ ಒಣಗಿಯೇ ಇತ್ತು. 75ಕ್ಕೆ ಹೊಗೆ ಹೆಚ್ಚಲಿಲ್ಲ, ಹಾಳೆಯ ಮೇಲೆ ಎಣ್ಣೆಯ ಚುಕ್ಕೆಗಳು ಬಿದ್ದವು. 90ಕ್ಕೆ ಹಾಳೆ ತೊಯ್ದುಹೋಯಿತು, ಹೊಗೆ ಮೊದಲಿಗಿಂತ ತೆಳುವಾಯಿತು, ಎಂಜಿನಿನ ದನಿಯೇ ಬದಲಾಯಿತು. ನಾನು ಕೊಡಿಸಿದ್ದು 130. ಅವತ್ತು ಮೊದಲ ಅರ್ಧ ನಿಮಿಷ ದಟ್ಟ ಹೊಗೆ ಬಂದದ್ದು ಸೈಲೆನ್ಸರಿನಲ್ಲಿ ಕೂಡಿಟ್ಟಿದ್ದ ಕಾವಿನಿಂದ. ಅದು ಖರ್ಚಾದ ಮೇಲೆ ಖಾತೆ ಬರಿದು.

ಆಮೇಲೆ ಎಂಜಿನಿನ ವೇಗವನ್ನು ಅರ್ಧಕ್ಕೆ ಇಳಿಸಿ ಮತ್ತೆ ನೋಡಿದೆವು. ಪೂರ್ತಿ ವೇಗದಲ್ಲಿ ಒಣಗಿದ್ದ 60 ಮಿ.ಲೀ. ಅರ್ಧ ವೇಗದಲ್ಲಿ ಹಾಳೆಯನ್ನು ನೆನೆಸಿತು. ಅರ್ಧ ವೇಗಕ್ಕೆ ತಡೆದದ್ದು 25 ಮಾತ್ರ. ಅದಕ್ಕಿಂತ ಕೆಳಗಿನ ವೇಗದಲ್ಲಿ ಒಂದು ಹನಿಯೂ ಬೇಡವೆಂದು ತೀರ್ಮಾನವಾಯಿತು. ಇವು ನಮ್ಮ ಎಂಜಿನಿನ, ನಮ್ಮ ಸೈಲೆನ್ಸರಿನ ಅಂಕಿಗಳು. ನಿಮ್ಮ ಮನೆಯ ಹುಡುಗರ ವಿಮಾನಕ್ಕೆ ಬೇರೆಯೇ ಬರುತ್ತವೆ. ಹಾಳೆ ಅಂಟಿಸಿ ನೋಡುವ ಕ್ರಮ ಮಾತ್ರ ಎಲ್ಲಕ್ಕೂ ಒಂದೇ. ಋತು ಬದಲಾದಾಗ ಮತ್ತೆ ನೋಡಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಎಣ್ಣೆ ತೆಳುವಾಗಿ, ಅದೇ ತಿರುಪಿನಲ್ಲಿ ಹೆಚ್ಚು ಹರಿಯುತ್ತದೆ.

ಇಲ್ಲಿಗೆ ಅಳತೆ ಸಿಕ್ಕಿತು. ಇನ್ನು ಮರೆವಿನ ಮಾತು. ಅಂದು ಹುಡುಗ ಸ್ವಿಚ್ಚು ಆರಿಸಲು ಮರೆತ. ಮುಂದೆಯೂ ಮರೆಯಬಹುದು, ಮನುಷ್ಯ ತಾನೆ. ಬ್ಯಾಂಕಿನ ಹಣದ ಪೆಟ್ಟಿಗೆಗೆ ಎರಡು ಬೀಗದಕೈ ಇರುತ್ತವೆ. ಒಂದು ಕ್ಯಾಷಿಯರ ಬಳಿ, ಇನ್ನೊಂದು ಮ್ಯಾನೇಜರ ಬಳಿ. ಎರಡೂ ಕೂಡಿದರೆ ಮಾತ್ರ ಪೆಟ್ಟಿಗೆ ತೆರೆಯುತ್ತದೆ. ಯಾರ ಮೇಲಾದರೂ ಅಪನಂಬಿಕೆಯಿಂದ ಮಾಡಿದ್ದಲ್ಲ ಅದು. ಒಬ್ಬನ ಮರೆವು ಒಬ್ಬನ ಆತುರ ಎಲ್ಲರ ಹಣಕ್ಕೆ ಕುತ್ತಾಗಬಾರದು ಎಂದು ಮಾಡಿದ್ದು. ಹೊಗೆಗೂ ಹೀಗೆ ಎರಡು ಬೀಗದಕೈ ಇಡಲಾಗದೇ ಎಂದು ಮೊಮ್ಮಗನನ್ನು ಕೇಳಿದೆ.

ಅವನು ರಿಮೋಟು ಹಿಡಿದು ಹತ್ತು ನಿಮಿಷದಲ್ಲಿ ಅದನ್ನು ಮಾಡಿಬಿಟ್ಟ. ಈಗಿನ ರಿಮೋಟುಗಳಲ್ಲಿ ಒಂದು ಕೋಲಿನ ಚಲನೆಯನ್ನು ಇನ್ನೊಂದು ಕೆಲಸಕ್ಕೆ ಜೋಡಿಸುವ ಅನುಕೂಲವಿದೆ. ಅದರಿಂದ ಪಂಪು ನಡೆಯಬೇಕಾದರೆ ಹೊಗೆಯ ಸ್ವಿಚ್ಚೂ ಹಾಕಿರಬೇಕು, ಎಂಜಿನಿನ ವೇಗವೂ ಅರ್ಧಕ್ಕೆ ಕಡಿಮೆಯಿರಬಾರದು. ಎರಡರಲ್ಲಿ ಒಂದಿಲ್ಲದಿದ್ದರೂ ಪಂಪು ನಿಲ್ಲುತ್ತದೆ. ಅರ್ಧದಿಂದ ಪೂರ್ತಿಗೆ ವೇಗ ಏರಿದಂತೆ ಪಂಪಿನ ವೇಗವೂ ಏರಿ, 25ರಿಂದ 60 ಮಿ.ಲೀ.ವರೆಗೆ ಎಣ್ಣೆ ಕೊಡುತ್ತದೆ. ಈಗ ಅವನು ಸ್ವಿಚ್ಚು ಮರೆತರೂ ವೇಗ ತಗ್ಗಿಸಿದ ಕೂಡಲೇ ಎಣ್ಣೆ ತಾನಾಗಿ ನಿಲ್ಲುತ್ತದೆ. ಮೊದಲೇ ಹೀಗೆ ಮಾಡಬಹುದಿತ್ತಲ್ಲೋ ಎಂದೆ. "ಮಾಡಬಹುದಿತ್ತು ತಾತ, ನಾಕು ದಿನ ಬೇಕಿತ್ತು," ಅಂದ. ನಾಲ್ಕು ದಿನ ಕೊಡದವನು ನಾನೇ. ಬಂದ ಮರುದಿನವೇ ಊರಿಗೆಲ್ಲ ಹೇಳಿಬಿಟ್ಟಿದ್ದೆ.

ಪಂಪು ನಿಂತರೆ ಎಣ್ಣೆ ನಿಂತಿತು ಎಂದುಕೊಳ್ಳುವುದೂ ತಪ್ಪು. ಡ್ರಮ್ಮಿನಿಂದ ಸೀಮೆಎಣ್ಣೆ ತೆಗೆಯುವಾಗ ನಳಿಕೆಯಲ್ಲಿ ಒಮ್ಮೆ ಎಳೆದುಬಿಟ್ಟರೆ ಆಮೇಲೆ ತಾನಾಗಿಯೇ ಹರಿಯುತ್ತಿರುತ್ತದೆ. ಡಬ್ಬಿ ಎತ್ತರದಲ್ಲಿ, ಸೈಲೆನ್ಸರು ತಗ್ಗಿನಲ್ಲಿ ಇದ್ದರೆ ವಿಮಾನದಲ್ಲೂ ಹಾಗೇ ಆಗುತ್ತದೆ. ನಿಂತ ಪಂಪಿನ ಹಲ್ಲುಗಳ ಸಂದಿಯಿಂದ ಎಣ್ಣೆ ಜಿನುಗುತ್ತಲೇ ಇರುತ್ತದೆ. ವಿಮಾನವನ್ನು ಮೂಗು ತಗ್ಗಿಸಿ ನಿಲ್ಲಿಸಿದ್ದರೆ ಅದು ಸೈಲೆನ್ಸರು ತುಂಬಿ ಎಂಜಿನಿನೊಳಕ್ಕೂ ಹೋದೀತು. ಅದಕ್ಕಾಗಿ ಸೈಲೆನ್ಸರಿಗೆ ಹತ್ತಿರದಲ್ಲೇ ಸ್ಪ್ರಿಂಗ್ ಇರುವ ಒಮ್ಮುಖದ ವಾಲ್ವ್ ಹಾಕಬೇಕು. ಪಂಪು ಒತ್ತಿದಾಗ ಮಾತ್ರ ಸ್ಪ್ರಿಂಗ್ ದಾರಿ ಬಿಡುತ್ತದೆ. ಸೈಲೆನ್ಸರಿನ ಬಿಸಿ ಗಾಳಿ ಹಿಂದಕ್ಕೆ ಡಬ್ಬಿಯ ಕಡೆಗೆ ಬಾರದಂತೆಯೂ ಅದೇ ಕಾಯುತ್ತದೆ.

ನಳಿಕೆಯ ವಿಷಯದಲ್ಲೂ ಎಚ್ಚರ ಬೇಕು. ಮಾದರಿ ವಿಮಾನಗಳಿಗೆ ಸುಲಭವಾಗಿ ಸಿಗುವುದು ಸಿಲಿಕೋನ್ ನಳಿಕೆ. ಮೆಥನಾಲ್ ಇಂಧನಕ್ಕೆ ಅದು ಒಳ್ಳೆಯದು. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲುಗಳಿಗೆ ಆಗದು. ಅವುಗಳಲ್ಲಿ ನೆನೆದು ಉಬ್ಬಿ, ಸಡಿಲವಾಗಿ, ಹಿಡಿ ಬಿಟ್ಟು ಜಾರುತ್ತದೆ. ಜಾರಿದರೆ ಎಣ್ಣೆಯೆಲ್ಲ ವಿಮಾನದ ಹೊಟ್ಟೆಯಲ್ಲಿ, ಬ್ಯಾಟರಿ ತಂತಿಗಳ ಮೇಲೆ. ಪೆಟ್ರೋಲ್, ಡೀಸೆಲ್ ತಡೆಯುವ ನಳಿಕೆಯನ್ನೇ ಕೇಳಿ ತರಬೇಕು.

ಎಣ್ಣೆ ಯಾವುದು ಎಂದು ಕೇಳುವಿರಿ. ಹೊಗೆಗೆಂದೇ ಮಾಡಿದ ತೆಳುವಾದ ಖನಿಜ ತೈಲ ಎಲ್ಲಕ್ಕಿಂತ ಒಳ್ಳೆಯದು, ವಾಸನೆ ಕಡಿಮೆ, ಅಂಟು ಕಡಿಮೆ. ಸಿಗದಿದ್ದಾಗ ಡೀಸೆಲ್ ಬಳಸುತ್ತಾರೆ. ಪೆಟ್ರೋಲನ್ನು ಮಾತ್ರ ಎಂದೆಂದಿಗೂ ಹೊಗೆಗೆ ಹಾಕಬಾರದು, ಅದು ಹೊತ್ತಿಕೊಳ್ಳುತ್ತದೆ. ಸೂರ್ಯಕಿರಣದ ಹಾಗೆ ಬಣ್ಣ ಬೆರೆಸುವ ಆಸೆಯೂ ಬೇಡ. ಆವಿಯಾಗದ ಬಣ್ಣ ರೆಕ್ಕೆಗೆ, ಬಟ್ಟೆಗೆ, ಪಕ್ಕದವರ ಬೆಳೆಗೆ ಅಂಟುತ್ತದೆ. ಬಿಳಿ ಹೊಗೆಯೇ ನಮ್ಮಂಥವರಿಗೆ ಸಾಕು. ಆ ಹೊಗೆಯಾದರೂ ಎಣ್ಣೆಯ ಹನಿ, ಉಸಿರಿಗೆ ಒಳ್ಳೆಯದಲ್ಲ. ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿ, ಜನರನ್ನು ಅದರ ಎದುರು ದಿಕ್ಕಿಗೆ ಕೂರಿಸಬೇಕು.

ಜಾಗದ ವಿಚಾರ. ಬಣವೆ, ಹತ್ತಿ ರಾಶಿ, ಗುಡಿಸಲು ಹತ್ತಿರ ಇರುವಲ್ಲಿ ಹಾರಿಸಬಾರದು. ಜನರ ತಲೆಯ ಮೇಲೆ, ಜಾತ್ರೆಯ ಮೇಲೆ ಹಾರಿಸಬಾರದು. ಒದ್ದೆ ಗೋಣಿಚೀಲ, ಎರಡು ಕೊಡ ನೀರು, ಒಂದು ಬುಟ್ಟಿ ಮರಳು ಪಕ್ಕದಲ್ಲಿರಬೇಕು. 2021ರಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಿದ್ದಾರೆ. ನಮ್ಮ ಹೊಲ ಯಾವುದರಲ್ಲಿದೆ ಎಂದು ಮೊದಲು ನೋಡಿಕೊಳ್ಳಬೇಕು. ಎಲ್ಲಕ್ಕೂ ಮುಂಚೆ ಅಕ್ಕಪಕ್ಕದ ಹೊಲದವರ ಅನುಮತಿ ಕೇಳಬೇಕು. ಅಂದು ನಾವು ನಮ್ಮ ಹೊಲದವರನ್ನು ಕೇಳಿದ್ದೆವು, ಬದುವಿನಾಚೆಯವರನ್ನು ಕೇಳಿರಲಿಲ್ಲ.

ಸಂಕ್ರಾಂತಿಯ ಮರುದಿನ ನಾನೂ ಮೊಮ್ಮಗನೂ ಆ ಹೆಣ್ಣುಮಗಳ ಮನೆಗೆ ಹೋದೆವು. ಸುಟ್ಟ ಸೊಪ್ಪೆಯ ಬದಲಿಗೆ ಎರಡು ಹೊರೆ ಸೊಪ್ಪೆ ಬಂಡಿಯಲ್ಲಿ ಹಾಕಿಕೊಂಡೇ ಹೋಗಿದ್ದೆವು. ಮತ್ತೆ ಹಾರಿಸಬೇಕೆಂದಿದ್ದೇವೆ, ಈ ಸಲ ಬಣವೆಗಳಿಂದ ದೂರ, ಕೆರೆಯ ಕಡೆಯ ಬಯಲಿನಲ್ಲಿ, ನೀನು ಬಂದು ನೋಡಬೇಕು ಎಂದೆ. "ಬರ್ತೀನಿ ಸಾರ್, ಕೊಡ ತಗಂಡು ಬರ್ತೀನಿ," ಅಂದಳು. ಹಾಗೆಯೇ ಬಂದಳು, ಕೊಡ ತುಂಬಿಸಿಕೊಂಡು.

ವಿಮಾನ ಏರಿತು. ಗೆರೆ ಎಳೆದ ಹಾಗೆ ಬಿಳಿ ಹೊಗೆ ಬಂತು. ಅಂದಿನಷ್ಟು ದಟ್ಟವಲ್ಲ, ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ಮೇಲಕ್ಕೆ ಹೋಗಿ ಹುಡುಗ ವೇಗ ತಗ್ಗಿಸಿದ. ಹೊಗೆ ಕತ್ತರಿಸಿದಂತೆ ನಿಂತಿತು. ತಿರುಗಿ ವೇಗ ಕೊಟ್ಟ, ಎಂಜಿನು ಕೆಮ್ಮಲಿಲ್ಲ, ಗೆರೆ ಮತ್ತೆ ಶುರುವಾಯಿತು. ಮೂರು ಸಲ ಹಾರಿಸಿ ಇಳಿಸಿದೆವು. ಪ್ರತಿ ಸಲವೂ ವಿಮಾನವನ್ನು ಮಗುಚಿ, ಹೊಟ್ಟೆಗೆ ಅಂಟಿಸಿದ ಹಾಳೆ ನೋಡಿ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಮೂರು ಸಲವೂ ಹಾಳೆ ಒಣಗಿತ್ತು. ಹೋಗುವಾಗ ಆ ಹೆಣ್ಣುಮಗಳು ಕೊಡದ ನೀರನ್ನು ಬದುವಿನ ಬೇವಿನ ಸಸಿಗೆ ಸುರಿದು ಹೋದಳು.

ನಿಮ್ಮ ಮನೆಯ ಮಕ್ಕಳು ಮೊಮ್ಮಕ್ಕಳು ಇಂಥ ವಿಮಾನ ತಂದರೆ ಬೇಡವೆನ್ನಬೇಡಿ. ಅದರಲ್ಲಿ ಕಲಿಯುವುದು ಬಹಳವಿದೆ. ಹೊಗೆ ಎಷ್ಟು ಬರುತ್ತದೆ ಎಂದು ಕೇಳುವ ಮೊದಲು ಅದು ಹೇಗೆ ನಿಲ್ಲುತ್ತದೆ ಎಂದು ಕೇಳಿ. ಅವರು ನೆಲದ ಮೇಲೆ ನೋಡೋಣ ಅಂದರೆ ನಾಲ್ಕು ದಿನ ತಾಳಿ, ಪಕ್ಕದಲ್ಲಿ ಕುಳಿತು ಲೆಕ್ಕ ಬರೆದುಕೊಡಿ. ನಮ್ಮಂಥ ನಿವೃತ್ತರಿಗೆ ಅದಕ್ಕಿಂತ ಒಳ್ಳೆಯ ಕೆಲಸ ಬೇರೆ ಇಲ್ಲ.